ನಾಳಿದ್ದು ಮನೆಗೆ ಕಳಿಸುತ್ತಾರಂತೆ, ನನ್ನಿಂದ ಆಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು. ಮನೆಯ ಮಗುವಿಗೆ ಈಗಷ್ಟೇ ಕ್ಯಾನ್ಸರ್ ಅಂತ ಗೊತ್ತಾಗಿದೆ, ಮುಂದೇನು ಅಂತ ದಿಕ್ಕು ತೋಚುತ್ತಿಲ್ಲ. ಮಕ್ಕಳ ಕ್ಯಾನ್ಸರ್ ವಾರ್ಡಿನ ನರ್ಸ್ ಆಗಿ ಅಪ್ಪ ಅಮ್ಮಂದಿರಿಗೆ ಮನೆಯ ಆರೈಕೆ ಕಲಿಸಿಕೊಡುವುದು ನನ್ನ ದಿನನಿತ್ಯದ ಕೆಲಸ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅವರಿಗೇ ಇರಲಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ಇಲ್ಲಿ ಬರೆದದ್ದಕ್ಕೂ ನಿಮ್ಮ ಡಾಕ್ಟರು ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತೇ ನಡೆಯಲಿ. ನಿಮ್ಮ ಮಗುವನ್ನು ನೋಡಿರುವವರು ಅವರು.

ಪ್ರಶ್ನೆ: ನನ್ನ ನಾಲ್ಕು ವರ್ಷದ ಮಗಳಿಗೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದೆ ಅಂತ ಹೋದ ವಾರ ತಿಳಿಯಿತು. ಡಾಕ್ಟರು ಒಂದು ಗಂಟೆ ಕೂರಿಸಿಕೊಂಡು ವಿವರಿಸಿದರು. ನನಗೆ ನೆನಪಿರುವುದು ಅವರ ಮೊದಲ ವಾಕ್ಯ ಮಾತ್ರ. ದಪ್ಪ ಫೈಲು ಕೊಟ್ಟಿದ್ದಾರೆ, ತೆರೆದರೆ ಅಕ್ಷರ ಕಾಣಿಸುತ್ತವೆ, ತಲೆಗೆ ಹತ್ತುವುದಿಲ್ಲ. ನಾಳಿದ್ದು ಮನೆಗೆ ಕಳಿಸುತ್ತಾರಂತೆ. ನನ್ನಿಂದ ಏನಾದರೂ ತಪ್ಪಾಗಿ ಇದು ಬಂತಾ, ಇನ್ನು ಮುಂದೆ ತಪ್ಪಾಗದಂತೆ ನೋಡಿಕೊಳ್ಳುವುದು ನನ್ನಿಂದ ಆಗುತ್ತಾ, ಎರಡೂ ಗೊತ್ತಾಗುತ್ತಿಲ್ಲ. — ಒಬ್ಬ ತಾಯಿ

ಉತ್ತರ: ಮೊದಲು ನಿಮ್ಮ ಮೊದಲನೆಯ ಪ್ರಶ್ನೆ. ನಿಮ್ಮಿಂದ ಬಂದದ್ದಲ್ಲ. ನೀವು ಬಸುರಿಯಾಗಿದ್ದಾಗ ತಿಂದದ್ದು, ಮಗುವಿಗೆ ತಿನ್ನಿಸಿದ್ದು, ಡಾಕ್ಟರ ಹತ್ತಿರ ನಾಲ್ಕು ದಿನ ತಡವಾಗಿ ಹೋದದ್ದು ಯಾವುದೂ ಇದಕ್ಕೆ ಕಾರಣವಲ್ಲ. ಮಕ್ಕಳ ಕ್ಯಾನ್ಸರ್‌ಗಳಲ್ಲಿ ಹುಟ್ಟಿನಿಂದಲೇ ಬಂದ ವಂಶವಾಹಿ ದೋಷ ಕಾಣಿಸುವುದು 100ರಲ್ಲಿ ಸುಮಾರು 8ರಿಂದ 10 ಮಕ್ಕಳಲ್ಲಿ. ಅದೂ ಯಾರ ಕೈಯಲ್ಲೂ ಇರುವಂಥದ್ದಲ್ಲ. ಮಿಕ್ಕವರಲ್ಲಿ ಬೆಳೆಯುತ್ತಿರುವ ಜೀವಕೋಶ ಭಾಗವಾಗುವಾಗ ಎಲ್ಲೋ ಆದ ಎಡವಟ್ಟು. ನಿಮ್ಮ ಮಗಳಿಗೆ ಬಂದಿರುವುದು ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್. ಪೂರ್ಣ ಚಿಕಿತ್ಸೆ ಸಿಗುವ ಕಡೆಗಳಲ್ಲಿ ಈ ಕಾಯಿಲೆಯ 100 ಮಕ್ಕಳಲ್ಲಿ ಸುಮಾರು 90 ಮಕ್ಕಳು ಐದು ವರ್ಷ ದಾಟಿ ಬದುಕುತ್ತಾರೆ, ಅವರಲ್ಲಿ ಬಹುಪಾಲು ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಡಾಕ್ಟರು ಇದನ್ನೂ ಆ ಒಂದು ಗಂಟೆಯಲ್ಲಿ ಹೇಳಿರುತ್ತಾರೆ. ನಿಮಗೆ ಕೇಳಿಸಿರುವುದಿಲ್ಲ.

ಅದು ನಿಮ್ಮ ದೌರ್ಬಲ್ಯ ಅಂದುಕೊಳ್ಳಬೇಡಿ. 'ಕ್ಯಾನ್ಸರ್' ಅಂತ ಕಿವಿಗೆ ಬಿದ್ದ ಮೇಲೆ ಹೇಳಿದ್ದು ಯಾವ ತಾಯಿಗೂ ಉಳಿಯುವುದಿಲ್ಲ. ಅಮೆರಿಕದ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್‌ನ ತಜ್ಞರ ತಂಡ 2016ರಲ್ಲಿ ಇದರ ಬಗ್ಗೆಯೇ ಶಿಫಾರಸುಗಳನ್ನು ಪ್ರಕಟಿಸಿತು. ಮನೆಯವರಿಗೆ ಮೊದಲು ಸುದ್ದಿ ಅರಗಿಸಿಕೊಳ್ಳಲು ಸಮಯ ಕೊಡಿ, ಮೊದಲ ಸಲ ಮನೆಗೆ ಕಳಿಸುವ ಮುಂಚೆ ಅತ್ಯಗತ್ಯವಾದಷ್ಟನ್ನೇ ಕಲಿಸಿ, ಮಿಕ್ಕಿದ್ದನ್ನು ಮೊದಲ ತಿಂಗಳಲ್ಲಿ, ಇನ್ನುಳಿದದ್ದನ್ನು ಚಿಕಿತ್ಸೆ ಮುಗಿಯುವುದರೊಳಗೆ ಹೇಳಿಕೊಡಿ ಅನ್ನುತ್ತದೆ ಅದು. ಆದ್ದರಿಂದ ಆ ಫೈಲನ್ನು ಪೂರ್ತಿ ಓದಬೇಕೆಂಬ ಭಾರವನ್ನು ಈ ವಾರಕ್ಕೆ ಇಳಿಸಿಬಿಡಿ. ಎರಡು ವರ್ಷ ದಾಟಿ ನಡೆಯುವ ಚಿಕಿತ್ಸೆ ಇದು. ಕೂದಲು ಯಾವಾಗ ಬರುತ್ತೆ, ಶಾಲೆಗೆ ಯಾವಾಗ ಕಳಿಸಬಹುದು ಎಂಬುದಕ್ಕೆಲ್ಲ ಸಮಯವಿದೆ.

ನಾಳಿದ್ದು ಬಾಗಿಲು ದಾಟುವ ಮುಂಚೆ ಮಾತ್ರ ಇಷ್ಟು ಗೊತ್ತಿರಲೇಬೇಕು: ಜ್ವರ ಎಷ್ಟಾದರೆ ಹೊರಡಬೇಕು, ರಾತ್ರಿ ಎರಡು ಗಂಟೆಗೆ ಯಾವ ನಂಬರಿಗೆ ಫೋನ್ ಮಾಡಬೇಕು, ಯಾವ ಔಷಧಿ ಎಷ್ಟು, ಔಷಧಿ ಕೊಡಲು ಎದೆಯಲ್ಲೋ ತೋಳಿನಲ್ಲೋ ರಕ್ತನಾಳಕ್ಕೆ ಹಾಕಿರುವ ಕೊಳವೆಯನ್ನು, ಅಂದರೆ ಲೈನನ್ನು, ಹೇಗೆ ಕಾಪಾಡಬೇಕು. ರಕ್ತಸ್ರಾವದ ಗುರುತುಗಳನ್ನೂ ಕೇಳಿಕೊಳ್ಳಿ. ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ, ಚರ್ಮದ ಮೇಲೆ ಹೊಸದಾಗಿ ಎದ್ದ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಕಪ್ಪು ಮಲ ಕಂಡರೆ ತಕ್ಷಣ ಫೋನ್. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆ ಇರುವ ಮಗುವಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು.

ಔಷಧಿಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಹೇಳಿಸಿಕೊಂಡು ಬರಬೇಡಿ, ನರ್ಸ್ ಎದುರು ನೀವೇ ಮಾಡಿ ತೋರಿಸಿ. ಸಿರಿಂಜಿನಲ್ಲಿ ದ್ರವ ಔಷಧಿ ಎಳೆಯುವುದು ನೋಡಲು ಸುಲಭ. ಆದರೆ ಒಳಗಿನ ಕಪ್ಪು ರಬ್ಬರಿಗೆ ಎರಡು ಅಂಚುಗಳಿರುತ್ತವೆ. ಅಳತೆ ಓದಬೇಕಾದ್ದು ಮೂತಿಯ ಕಡೆಗಿರುವ ಅಂಚಿನಲ್ಲಿ. ಹಿಂದಿನ ಅಂಚು ನೋಡಿದರೆ ಪ್ರತಿಸಲವೂ ಔಷಧಿ ಕಡಿಮೆ ಬೀಳುತ್ತದೆ. ಎಳೆದ ಮೇಲೆ ಮೂತಿ ಮೇಲೆ ಮಾಡಿ ಬೆರಳಿನಿಂದ ತಟ್ಟಿ, ಗುಳ್ಳೆ ಮೇಲೆ ಬರುತ್ತದೆ, ಅದನ್ನು ತಳ್ಳಿ ಮತ್ತೆ ಗೆರೆ ನೋಡಿ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಕೆನ್ನೆಯ ಒಳಮಗ್ಗುಲಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ, ಗಂಟಲಿಗೆ ನೇರವಾಗಿ ಬಿಟ್ಟರೆ ಕೆಮ್ಮಿ ಉಗುಳುತ್ತದೆ. ವಾಂತಿಯಾದರೆ ಇನ್ನೊಂದು ಸಲ ಕೊಡಬೇಕೋ ಬೇಡವೋ ಎಂಬುದು ಔಷಧಿಯ ಮೇಲೆ, ಎಷ್ಟು ಹೊತ್ತಿನ ಮೇಲೆ ವಾಂತಿಯಾಯಿತು ಎಂಬುದರ ಮೇಲೆ ನಿಂತಿದೆ. ಅಂದಾಜಿನಲ್ಲಿ ಕೊಡಬೇಡಿ, ಫೋನ್ ಮಾಡಿ ಕೇಳಿ. ಕೀಮೋ ಮಾತ್ರೆಗಳನ್ನು ಬರಿಗೈಯಲ್ಲಿ ಪುಡಿ ಮಾಡಬಾರದು. ಕೀಮೋ ಕೊಟ್ಟ ಮೇಲೆ 48 ಗಂಟೆ ಮಗುವಿನ ವಾಂತಿ, ಮೂತ್ರ, ಡಯಾಪರ್ ಮುಟ್ಟುವಾಗ ಗ್ಲೌಸ್ ಇರಲಿ. ಮನೆಯಲ್ಲಿ ಯಾರಾದರೂ ಗರ್ಭಿಣಿ ಇದ್ದರೆ ಈ ಕೆಲಸದಿಂದ ದೂರವಿರಲಿ.

ಇನ್ನು ಸ್ಟೀರಾಯ್ಡ್. ಮೊದಲ ತಿಂಗಳು ಅದನ್ನು ದಿನವೂ ಕೊಡುತ್ತಾರೆ. ನಿಮ್ಮ ಮಗಳು ನಡುರಾತ್ರಿ ಎದ್ದು ಊಟ ಕೇಳುತ್ತಾಳೆ, ಕಾರಣವಿಲ್ಲದೆ ಅಳುತ್ತಾಳೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ, ಮುಖ ಊದಿಕೊಳ್ಳುತ್ತದೆ. 'ಇವಳು ನನ್ನ ಮಗಳೇ ಅಲ್ಲವೇನೋ' ಅಂತ ಅತ್ತ ತಾಯಂದಿರು ಎಷ್ಟೋ. ಅದು ಔಷಧಿಯ ಆಟ, ಮುಗಿದ ಮೇಲೆ ನಿಮ್ಮ ಮಗಳು ನಿಮಗೆ ಸಿಗುತ್ತಾಳೆ. ಆದರೆ ಅವಳ ಸಿಟ್ಟು ನೋಡಲಾರದೆ ನೀವಾಗಿಯೇ ಒಂದು ದಿನವೂ ನಿಲ್ಲಿಸಬೇಡಿ. ಸ್ಟೀರಾಯ್ಡ್ ಏಕಾಏಕಿ ನಿಂತರೆ ಅಪಾಯ.

ನಿಮ್ಮಿಂದ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ನಾಳೆ ಡಾಕ್ಟರ ಹತ್ತಿರ 'ಇನ್ನೊಂದು ಸಲ ಮೊದಲಿಂದ ಹೇಳಿ' ಅಂತ ಕೇಳಿ, ಮನೆಯ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕೇಳಿದ್ದನ್ನೇ ಕೇಳುವ ಪೋಷಕರ ಮೇಲೆ ನಮಗೆ ಬೇಸರವಿಲ್ಲ. ಏನೂ ಕೇಳದೆ ಹೋಗುವವರ ಬಗ್ಗೆಯೇ ನಮಗೆ ಚಿಂತೆ.

ಪ್ರಶ್ನೆ: ಮಗನಿಗೆ ಕೀಮೋ ಆಗಿ ಹತ್ತು ದಿನ. ರಾತ್ರಿ ಒಂದು ಗಂಟೆಗೆ ಮೈ ಬಿಸಿ ಅನಿಸಿ ನೋಡಿದರೆ 38.4 ಡಿಗ್ರಿ. ಪ್ಯಾರಾಸಿಟಮಾಲ್ ಕೊಟ್ಟೆವು, ಇಳಿಯಿತು, ಆರಾಮವಾಗಿ ಮಲಗಿದ. ಬೆಳಿಗ್ಗೆ ಕರೆದುಕೊಂಡು ಹೋದಾಗ ರಾತ್ರಿಯೇ ಯಾಕೆ ಬರಲಿಲ್ಲ ಅಂತ ಡಾಕ್ಟರು ಗದರಿದರು. ಜ್ವರ ಇಳಿದಿತ್ತಲ್ಲ? — ಒಬ್ಬ ತಂದೆ

ಉತ್ತರ: ಇಳಿದದ್ದು ಥರ್ಮಾಮೀಟರಿನ ಅಂಕಿ ಮಾತ್ರ. ಇದನ್ನು ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಕಾರಣ ತಿಳಿದ ತಂದೆ ಮುಂದಿನ ಸಲ ಯಾರೂ ಹೇಳದೆಯೇ ಹೊರಡುತ್ತಾನೆ.

ಬ್ಯಾಕ್ಟೀರಿಯಾವನ್ನು ಮೊದಲು ಎದುರಿಸುವ ಬಿಳಿ ರಕ್ತಕಣಗಳ ಹೆಸರು ನ್ಯೂಟ್ರೊಫಿಲ್. ಕೀಮೋ ಕ್ಯಾನ್ಸರ್ ಕೋಶಗಳ ಜೊತೆಗೆ ಮೂಳೆಮಜ್ಜೆಯಲ್ಲಿ ಇವು ಹುಟ್ಟುವುದನ್ನೂ ತಡೆಯುತ್ತದೆ. ಸಾಮಾನ್ಯವಾಗಿ ಕೀಮೋ ಆದ 7ರಿಂದ 14 ದಿನಗಳ ಮಧ್ಯೆ ಸಂಖ್ಯೆ ತೀರಾ ಕೆಳಗೆ ಬೀಳುತ್ತದೆ. ನಿಮ್ಮ ಮಗನ ಹತ್ತನೆಯ ದಿನ ಸರಿಯಾಗಿ ಅದರ ನಡುವೆ ಬರುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಎಎನ್‌ಸಿ ಅಂತ ಬರೆದಿರುವುದು ಇದರ ಲೆಕ್ಕವೇ. ಅದು 500ಕ್ಕಿಂತ ಕೆಳಗಿದ್ದರೆ ಕರುಳಿನಲ್ಲೋ ಚರ್ಮದ ಮೇಲೋ ಸದಾ ಇರುವ ಸೂಕ್ಷ್ಮಜೀವಿಗಳೇ ರಕ್ತಕ್ಕೆ ನುಗ್ಗಬಲ್ಲವು. ಬೇರೆ ಮಕ್ಕಳಲ್ಲಾದರೆ ಸೋಂಕಾದ ಜಾಗ ಕೆಂಪಾಗುತ್ತದೆ, ಕೀವು ಕಟ್ಟುತ್ತದೆ. ಕೀವು ಕಟ್ಟಲು ಬೇಕಾದ ಕಣಗಳೇ ಇಲ್ಲದ ಮಗುವಿನಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಎಷ್ಟೋ ಸಲ ಜ್ವರವೊಂದೇ ಸೂಚನೆ. ಪ್ಯಾರಾಸಿಟಮಾಲ್ ಆ ಸೂಚನೆಯನ್ನು ಅಳಿಸುತ್ತದೆ, ಸೋಂಕು ಅದರ ಪಾಡಿಗೆ ಹಬ್ಬುತ್ತಿರುತ್ತದೆ, ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿಯಬಹುದು. ಇಂಥ ಮಗು ಆಸ್ಪತ್ರೆ ತಲುಪಿದ 60 ನಿಮಿಷದೊಳಗೆ ಮೊದಲ ಆ್ಯಂಟಿಬಯೋಟಿಕ್ ರಕ್ತಕ್ಕೆ ಇಳಿದಿರಬೇಕು ಎಂಬ ಗುರಿಯನ್ನು ಕ್ಯಾನ್ಸರ್ ವಾರ್ಡುಗಳು ಇಟ್ಟುಕೊಂಡಿರುವುದು ಇದಕ್ಕೇ. ನಿಮ್ಮ ಡಾಕ್ಟರ ಗದರಿಕೆಯ ಹಿಂದೆ ಇದ್ದದ್ದು ಆ ಭಯ.

ಹೊರಡಬೇಕಾದ ಅಂಕಿ ಯಾವುದು? ಬಹಳ ಕಡೆ ಒಂದೇ ಸಲಕ್ಕೆ 38.3, ಇಲ್ಲವೇ ಒಂದು ಗಂಟೆ ಇಳಿಯದ 38 ಡಿಗ್ರಿ ಸೆಲ್ಸಿಯಸ್. ಕೆಲವು ಕಡೆ 38 ಮುಟ್ಟಿದ ತಕ್ಷಣ. ಫ್ಯಾರನ್‌ಹೀಟಿನಲ್ಲಿ 38 ಅಂದರೆ 100.4, 38.3 ಅಂದರೆ ಸುಮಾರು 101. ನಿಮ್ಮ ವಾರ್ಡಿನ ಅಂಕಿಯನ್ನು ಕೇಳಿ, ಥರ್ಮಾಮೀಟರಿನ ಡಬ್ಬಿಯ ಮೇಲೆಯೇ ಬರೆದು ಅಂಟಿಸಿ. ಮೈ ಮುಟ್ಟಿ ನೋಡಿ ತೀರ್ಮಾನಿಸಬೇಡಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಲೇಬಾರದು, ಅಲ್ಲಿಂದ ಔಷಧಿ ಕೊಡುವುದೂ ಬೇಡ, ಒಂದು ಸಣ್ಣ ಗೀರು ಸಾಕು ಸೋಂಕಿಗೆ.

ಜ್ವರವೇ ಇಲ್ಲದೆಯೂ ಹೊರಡಬೇಕಾಗಬಹುದು. ಸ್ಟೀರಾಯ್ಡ್ ನಡೆಯುತ್ತಿರುವಾಗ ಜ್ವರ ಏರದೇ ಇರಬಹುದು. ಮಗು ನಡುಗುತ್ತಿದೆ, ಕೈಕಾಲು ತಣ್ಣಗಿದೆ, ಎಬ್ಬಿಸಿದರೂ ಮಂಕಾಗಿಯೇ ಇದೆ, ಅಥವಾ ಲೈನ್ ಫ್ಲಶ್ ಮಾಡಿದ (ಸಲೈನ್ ಹಾಯಿಸಿ ತೊಳೆದ) ಸ್ವಲ್ಪ ಹೊತ್ತಿಗೆ ಚಳಿ ಹಿಡಿಯಿತು ಅಂದರೆ ಅಂಕಿ ನೋಡುತ್ತಾ ಕೂರಬೇಡಿ. ಮನೆಯಲ್ಲಿ ಒಂದು ಚೀಲ ಸದಾ ಸಿದ್ಧವಿರಲಿ, ಅದರಲ್ಲಿ ಒಂದು ಕಾರ್ಡ್: 'ನನ್ನ ಮಗನಿಗೆ ಕೀಮೋ ನಡೆಯುತ್ತಿದೆ, ಜ್ವರ ಬಂದಿದೆ, ಸೆಂಟ್ರಲ್ ಲೈನ್ ಇದೆ, ಅವನಿಗೆ ತಕ್ಷಣ ಆ್ಯಂಟಿಬಯೋಟಿಕ್ ಬೇಕಾಗಬಹುದು.' ತುರ್ತು ವಿಭಾಗದ ಮೇಜಿನ ಮುಂದೆ ನಿಂತಾಗ ಬಾಯಿ ಒಣಗುತ್ತದೆ, ಮಾತು ತಡವರಿಸುತ್ತದೆ. ಕಾರ್ಡ್ ಮುಂದಿಡಿ. ಕೆಮ್ಮುವವರ ಸಾಲಿನಲ್ಲಿ ಕೂರಿಸಿದರೆ ಒಪ್ಪಬೇಡಿ, ಬೇರೆ ಕೋಣೆ ಕೇಳಿ. ಅಲ್ಲಿ ನೀವು ಜೋರು ಮಾಡಿದರೂ ತಪ್ಪಿಲ್ಲ.

ಪ್ರಶ್ನೆ: ರಕ್ತದ ಕ್ಯಾನ್ಸರಿಗೆ ಕೀಮೋ ನಡೆಯುತ್ತಿರುವ ಮೊಮ್ಮಗ ಕಡ್ಡಿಯಂತಾಗಿದ್ದಾನೆ. ಶಕ್ತಿ ಬರಲಿ ಅಂತ ವಿಟಮಿನ್ ಟಾನಿಕ್ ತಂದರೆ ಸೊಸೆ ಕೊಡಲು ಬಿಡುವುದಿಲ್ಲ. ಟಾನಿಕ್ಕಿನಿಂದ ಏನು ಕೆಡುಕು? — ಒಬ್ಬ ಅಜ್ಜಿ

ಉತ್ತರ: ಅಮ್ಮಾ, ನಿಮ್ಮ ಸೊಸೆ ಸರಿಯಾಗಿಯೇ ಮಾಡಿದ್ದಾರೆ. ಬಹಳಷ್ಟು ಟಾನಿಕ್‌ಗಳಲ್ಲಿ ಫೋಲಿಕ್ ಆಮ್ಲ ಎಂಬ ವಿಟಮಿನ್ ಇರುತ್ತದೆ. 1940ರ ದಶಕದಲ್ಲಿ ಬೋಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್, ಫೋಲಿಕ್ ಆಮ್ಲದ ಗುಂಪಿನ ಔಷಧಿ ಕೊಟ್ಟಾಗ ಲ್ಯುಕೇಮಿಯಾ ಇನ್ನಷ್ಟು ವೇಗ ಪಡೆಯುವಂತೆ ಕಂಡದ್ದನ್ನು ಗಮನಿಸಿದರು. ಹಾಗಾದರೆ ಅದನ್ನು ತಡೆಯುವ ಔಷಧಿ ಕೊಟ್ಟರೆ ಹೇಗೆ ಅಂತ ಅಮಿನಾಪ್ಟೆರಿನ್ ಕೊಟ್ಟು ನೋಡಿದರು. ಕೆಲವು ಮಕ್ಕಳಲ್ಲಿ ಕಾಯಿಲೆ ತಾತ್ಕಾಲಿಕವಾಗಿ ಹಿಂದೆ ಸರಿಯಿತು. 1948ರಲ್ಲಿ ಅದನ್ನು ಪ್ರಕಟಿಸಿದರು. ಮಕ್ಕಳ ರಕ್ತದ ಕ್ಯಾನ್ಸರಿಗೆ ಔಷಧಿಯಿಂದ ಚಿಕಿತ್ಸೆ ಶುರುವಾದದ್ದೇ ಅಲ್ಲಿಂದ ಅನ್ನಬಹುದು. ಇವತ್ತು ಕೊಡುವ ಮೆಥೋಟ್ರೆಕ್ಸೇಟ್ ಅದೇ ಕುಲದ್ದು. ಅಂದರೆ ಔಷಧಿ ಯಾವುದನ್ನು ತಡೆಯಲು ಹೊರಟಿದೆಯೋ ಅದನ್ನೇ ಟಾನಿಕ್ ಹಿಂದಿನ ಬಾಗಿಲಿನಿಂದ ಒಳಗೆ ಬಿಟ್ಟಂತಾಗಬಹುದು. ಗಿಡಮೂಲಿಕೆಯೂ ಅಷ್ಟೇ, ಕೀಮೋದಿಂದ ಈಗಾಗಲೇ ದಣಿದ ಪಿತ್ತಜನಕಾಂಗದ ಮೇಲೆ ಇನ್ನೊಂದು ಹೊರೆ. ಬಾಟಲಿಯನ್ನು ಆಸ್ಪತ್ರೆಗೆ ಒಯ್ದು ತೋರಿಸಿ, ಅವರು ಸರಿ ಅಂದರೆ ಕೊಡಿ. ಮೊಮ್ಮಗನಿಗೆ ನಿಮ್ಮಿಂದ ಆಗಬೇಕಾದ್ದು ಬೇಕಾದಷ್ಟಿದೆ: ಆಗ ತಾನೇ ಮಾಡಿದ ಬಿಸಿ ಊಟ, ಚೆನ್ನಾಗಿ ತೊಳೆದ ಹಣ್ಣು, ಮೃದುವಾದ ಬ್ರಷ್ಷಿನಲ್ಲಿ ಹಲ್ಲುಜ್ಜಿಸುವುದು, ಅಪ್ಪ ಅಮ್ಮ ಒಂದು ರಾತ್ರಿ ನಿದ್ದೆ ಮಾಡಲಿ ಅಂತ ಪಕ್ಕದಲ್ಲಿ ಮಲಗುವುದು.

ಪ್ರಶ್ನೆ: ಮಗನಿಗೆ ಏಳು ವರ್ಷ. ಹೊಟ್ಟೆಯಲ್ಲಿ ಗಡ್ಡೆ, ಕ್ಯಾನ್ಸರ್. ಅವನಿಗೆ ಹೇಳಬೇಡಿ, ಹೆದರುತ್ತಾನೆ ಅಂತ ಮನೆಯಲ್ಲಿ ಎಲ್ಲರ ಮಾತು. 'ಸಣ್ಣ ಜ್ವರ, ಸರಿಹೋಗುತ್ತೆ' ಅಂದಿದ್ದೇವೆ. ಈಗ ಅವನು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದ್ದಾನೆ.

ಉತ್ತರ: ಪ್ರಶ್ನೆ ನಿಲ್ಲಿಸಿದ ಅಂದರೆ ಅವನಿಗೆ ಏನೋ ಗೊತ್ತಾಗಿದೆ, ನೀವು ಹೇಳುವುದಿಲ್ಲ ಎಂಬುದೂ ಗೊತ್ತಾಗಿದೆ. ಪಕ್ಕದ ಹಾಸಿಗೆಯ ಮಕ್ಕಳಿಗೆ ಕೂದಲಿಲ್ಲ, ಅಮ್ಮ ಬಚ್ಚಲುಮನೆಯಲ್ಲಿ ಅಳುತ್ತಾಳೆ, ಅಪ್ಪ ಫೋನ್ ಹಿಡಿದು ಹೊರಗೆ ಹೋಗುತ್ತಾರೆ. ಇದನ್ನೆಲ್ಲ ಅವನು ನೋಡುತ್ತಿದ್ದಾನೆ. ಹೇಳದಿದ್ದರೆ ಮಕ್ಕಳು ತಮ್ಮದೇ ಕಾರಣ ಕಟ್ಟಿಕೊಳ್ಳುತ್ತಾರೆ. ತಂಗಿಗೆ ಹೊಡೆದೆ, ಅದಕ್ಕೆ ಶಿಕ್ಷೆ ಅಂತ ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡ ಮಕ್ಕಳನ್ನು ಕಂಡಿದ್ದೇನೆ.

ಇವತ್ತೇ ಹೇಳಿ. ಉದ್ದ ಭಾಷಣ ಬೇಡ. 'ನಿನ್ನ ಹೊಟ್ಟೆಯಲ್ಲಿ ಒಂದು ಗಡ್ಡೆ ಬೆಳೆದಿದೆ. ಅದರ ಹೆಸರು ಕ್ಯಾನ್ಸರ್. ನೀನು ಏನೋ ಮಾಡಿದ್ದಕ್ಕೆ ಬಂದದ್ದಲ್ಲ. ನಿನ್ನಿಂದ ತಂಗಿಗೆ ಹರಡುವುದಿಲ್ಲ, ಅವಳನ್ನು ಮುದ್ದು ಮಾಡಬಹುದು. ಅದನ್ನು ಹೋಗಲಾಡಿಸಲು ಡಾಕ್ಟರು ಗಟ್ಟಿ ಔಷಧಿ ಕೊಡುತ್ತಾರೆ. ಕೂದಲು ಉದುರಬಹುದು, ಔಷಧಿ ನಿಂತ ಮೇಲೆ ಮತ್ತೆ ಬೆಳೆಯುತ್ತೆ.' ಅಷ್ಟು ಹೇಳಿ ಸುಮ್ಮನಿರಿ, ಅವನು ಕೇಳಲಿ. 'ನಾನು ಸಾಯ್ತೀನಾ' ಅಂತ ಕೇಳಿದರೆ ಗಾಬರಿಯಾಗಿ ಮಾತು ಹಾರಿಸಬೇಡಿ. 'ನಿನ್ನನ್ನು ಗುಣ ಮಾಡಲು ಎಲ್ಲರೂ ಕೆಲಸ ಮಾಡುತ್ತಿದ್ದೇವೆ, ಏನೇ ಆದರೂ ನಿನಗೆ ನಿಜವನ್ನೇ ಹೇಳ್ತೀನಿ' ಅನ್ನಿ, ಅಂದ ಮೇಲೆ ಹಾಗೇ ನಡೆದುಕೊಳ್ಳಿ.

ಸೂಜಿಯ ವಿಷಯದಲ್ಲಿ ನನ್ನದೊಂದು ಬೇಡಿಕೆ. 'ನೋವೇ ಆಗಲ್ಲ' ಅಂತ ಹೇಳಬೇಡಿ. ಚುಚ್ಚಿದ ಮರುಕ್ಷಣ ಆ ಮಾತು ಸುಳ್ಳಾಗುತ್ತದೆ, ಆಮೇಲೆ ನಿಮ್ಮ ಯಾವ ಮಾತನ್ನೂ ಅವನು ನಂಬುವುದಿಲ್ಲ. ಚರ್ಮ ಮರಗಟ್ಟಿಸುವ ಕ್ರೀಮ್ ಇದೆ, ಸುಮಾರು ಒಂದು ಗಂಟೆ ಮೊದಲು ಹಚ್ಚಿದರೆ ಕೆಲಸ ಮಾಡುತ್ತದೆ, ಕೇಳಿ ಪಡೆಯಿರಿ. ಮಂಚದ ಮೇಲೆ ಮಲಗಿಸಿ ನಾಲ್ಕು ಜನ ಅದುಮಿ ಹಿಡಿಯುವ ಬದಲು ನಿಮ್ಮ ತೊಡೆಯ ಮೇಲೆ ಕೂರಿಸಿಕೊಂಡು ತಬ್ಬಿ ಹಿಡಿಯುತ್ತೇನೆ ಅನ್ನಿ. ಯಾವ ಕೈಗೆ ಅಂತ ಅವನೇ ಆರಿಸಲಿ.

ಪ್ರಶ್ನೆ: ತಮ್ಮನಿಗೆ ಚಿಕಿತ್ಸೆ ಶುರುವಾದಾಗಿನಿಂದ ಹತ್ತು ವರ್ಷದ ದೊಡ್ಡ ಮಗಳಿಗೆ ದಿನವೂ ಹೊಟ್ಟೆನೋವು. ಪರೀಕ್ಷೆಯಲ್ಲಿ ಏನೂ ಇಲ್ಲ. ನಾಟಕವಾ?

ಉತ್ತರ: ನಾಟಕವಲ್ಲ, ನೋವು ನಿಜವಾದದ್ದೇ. ಅವಳ ಪಾಲಿಗೆ ಅಪ್ಪ ಅಮ್ಮ ಇಬ್ಬರೂ ಒಂದೇ ದಿನ ಮನೆಯಿಂದ ಮಾಯವಾದರು. ತಮ್ಮನಿಗೆ ಹೇಳಿದ್ದನ್ನೇ ಅವಳಿಗೂ ಹೇಳಿ, ನಿನಗೆ ಅಂಟುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿ. ಒಮ್ಮೆ ವಾರ್ಡಿಗೆ ಕರೆತಂದು ತೋರಿಸಿ, ಅವಳ ಕಲ್ಪನೆಯ ವಾರ್ಡು ನಿಜವಾದ ವಾರ್ಡಿಗಿಂತ ಭಯಂಕರವಾಗಿರುತ್ತದೆ. ದಿನಕ್ಕೆ ಒಂದು ಹೊತ್ತು, ಹದಿನೈದು ನಿಮಿಷವಾದರೂ, ಕಾಯಿಲೆಯ ಮಾತಿಲ್ಲದ ಫೋನ್ ಅವಳಿಗೆ ಮೀಸಲಿಡಿ. ಅವಳ ಶಿಕ್ಷಕರಿಗೂ ವಿಷಯ ತಿಳಿದಿರಲಿ.

ಪ್ರಶ್ನೆ: ಪಕ್ಕದ ಮನೆಯ ಹುಡುಗನಿಗೆ ಚಿಕನ್‌ಪಾಕ್ಸ್. ಮೊನ್ನೆ ಅವನು ನಮ್ಮ ಮಗಳ ಜೊತೆ ಆಡಿದ್ದ. ಅವಳಿಗೆ ಕೀಮೋ ನಡೆಯುತ್ತಿದೆ, ಇನ್ನೂ ಗುಳ್ಳೆ ಎದ್ದಿಲ್ಲ. ಕಾಯಬೇಕಾ?

ಉತ್ತರ: ಕಾಯಬೇಡಿ, ಇದನ್ನು ಓದಿದ ತಕ್ಷಣ ವಾರ್ಡಿಗೆ ಫೋನ್ ಮಾಡಿ. ಗುಳ್ಳೆ ಏಳುವ ಮುಂಚೆಯೇ ಕೊಡಬಹುದಾದ ರಕ್ಷಣೆ ಇದೆ, ಎಷ್ಟು ಬೇಗ ಕೊಟ್ಟರೆ ಅಷ್ಟು ಉಪಯೋಗ. ದಡಾರದ ಸಂಪರ್ಕಕ್ಕೂ ಇದೇ ಮಾತು. ನೇರ ಆಸ್ಪತ್ರೆಗೆ ನುಗ್ಗಬೇಡಿ, ಮೊದಲು ಫೋನ್, ಅಲ್ಲಿರುವ ಬೇರೆ ಮಕ್ಕಳಿಂದ ದೂರ ಕೂರಿಸುವ ವ್ಯವಸ್ಥೆ ಅವರು ಮಾಡಬೇಕು. ಕೀಮೋ ನಡೆಯುವಾಗಲೂ, ಮುಗಿದ ಮೇಲೆ ಡಾಕ್ಟರು ಸರಿ ಅನ್ನುವವರೆಗೂ ಅವಳಿಗೆ ಜೀವಂತ ಲಸಿಕೆ (ದುರ್ಬಲಗೊಳಿಸಿದ ಜೀವಂತ ರೋಗಾಣು ಇರುವ ಲಸಿಕೆ) ಯಾವುದನ್ನೂ ಹಾಕಿಸಬೇಡಿ.

ಪ್ರಶ್ನೆ: ನಾನು ಹೊಸದಾಗಿ ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಸೇರಿದ ನರ್ಸ್. ಡಿಸ್ಚಾರ್ಜ್ ದಿನ ಎಲ್ಲವನ್ನೂ ವಿವರಿಸುತ್ತೇನೆ. ತಂದೆ ತಾಯಿ ತಲೆಯಾಡಿಸುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ಮನೆಗೆ ಹೋದ ಮೇಲೆ ಔಷಧಿ ತಪ್ಪಾಗುತ್ತದೆ. ಹೇಗೆ ಕಲಿಸಲಿ?

ಉತ್ತರ: ನೀವು ಬರೆದದ್ದು ನನಗೆ ಸಂತೋಷ ತಂದಿತು. ಡಿಸ್ಚಾರ್ಜ್ ದಿನ ಕಲಿಸುವುದನ್ನು ಮೊದಲು ಬಿಡಿ. ಅವತ್ತು ಅವರ ಮನಸ್ಸು ಚೀಲ, ಬಿಲ್ಲು, ವಾಹನದ ಮೇಲಿರುತ್ತದೆ. ಮೂರನೆಯ ನಾಲ್ಕನೆಯ ದಿನದಿಂದಲೇ ನೀವು ಮಾಡುವ ಕೆಲಸವನ್ನು ಅವರ ಕೈಗೆ ಸ್ವಲ್ಪ ಸ್ವಲ್ಪವಾಗಿ ದಾಟಿಸಿ. ಬೆಳಗಿನ ಜ್ವರ ಅವರೇ ನೋಡಲಿ, ಸಂಜೆಯ ಔಷಧಿ ಅವರೇ ಎಳೆಯಲಿ, ನೀವು ಪಕ್ಕದಲ್ಲಿ ನಿಲ್ಲಿ. ಒಂದು ಹೊತ್ತಿಗೆ ಒಂದೇ ವಿಷಯ.

'ಅರ್ಥವಾಯಿತಾ' ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. 'ನಾನು ಸರಿಯಾಗಿ ಹೇಳಿದೆನಾ ನೋಡಬೇಕು, ರಾತ್ರಿ ಜ್ವರ ಬಂದರೆ ಏನೇನು ಮಾಡುತ್ತೀರಿ, ಹೇಳಿ' ಅನ್ನಿ. ನಮ್ಮ ವಾರ್ಡಿನಲ್ಲಿ ಒಬ್ಬ ತಂದೆಗೆ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದು ದಿನ ಮಾತ್ರ ಅಂತ ಹಲವರು ಹೇಳಿದ್ದರು, ಅವರೂ ತಲೆಯಾಡಿಸಿದ್ದರು. ವಾರದ ಮಾತ್ರೆ ಡಬ್ಬಿಯನ್ನು ಕೈಗೆ ಕೊಟ್ಟು ತುಂಬಿಸಿ ಅಂದೆ. ಏಳು ಮನೆಗೂ ತುಂಬುತ್ತಾ ಹೋದರು. ಪಕ್ಕದ ಚೀಟಿಯಲ್ಲಿ ಮರ್ಕಾಪ್ಟೊಪ್ಯೂರಿನ್ ಎಂಬ ಇನ್ನೊಂದು ಕೀಮೋ ಮಾತ್ರೆ ದಿನವೂ ಅಂತ ಇತ್ತು, ಎರಡೂ ಹಳದಿ ಮಾತ್ರೆ, ಅವರ ಮನಸ್ಸಿನಲ್ಲಿ ಎರಡೂ ಒಂದಾಗಿಬಿಟ್ಟಿದ್ದವು. ಮೆಥೋಟ್ರೆಕ್ಸೇಟ್ ದಿನವೂ ಹೋದರೆ ಬಾಯಿ, ಕರುಳು ಹುಣ್ಣಾಗಿ, ರಕ್ತಕಣಗಳು ಬಿದ್ದು ಜೀವಕ್ಕೇ ಕುತ್ತು. ಡಬ್ಬಿ ಖಾಲಿ ಮಾಡಿ, ಬುಧವಾರದ ಮುಚ್ಚಳಕ್ಕೆ ಕೆಂಪು ಟೇಪು ಅಂಟಿಸಿ, ಅವರೇ ಮತ್ತೆ ತುಂಬಿದರು. ಆ ದಿನದ ನಂತರ ಡಬ್ಬಿ ತುಂಬಿಸಿ ನೋಡದೆ ಯಾರನ್ನೂ ಕಳಿಸಬಾರದು ಅಂತ ನಾವೆಲ್ಲ ತೀರ್ಮಾನಿಸಿದೆವು.

ಮನೆಯಲ್ಲಿ ಔಷಧಿ ಕೊಡುವವರು ಯಾರು ಅಂತ ಕೇಳಲು ಮರೆಯಬೇಡಿ. ನಿಮ್ಮೆದುರು ಕೂತು ಕೇಳಿದವರು ತಂದೆ, ಮನೆಯಲ್ಲಿ ಕೊಡುವವರು ಅಜ್ಜಿಯಾದರೆ ನಿಮ್ಮ ಪಾಠ ಆಸ್ಪತ್ರೆಯಲ್ಲೇ ಉಳಿಯಿತು. ಅಜ್ಜಿಯನ್ನು ಕರೆಸಿ. ಓದಲು ಬಾರದವರಿದ್ದರೆ ಸೂರ್ಯ, ಚಂದ್ರ, ಮಾತ್ರೆಯ ಚಿತ್ರ ಬರೆದುಕೊಡಿ. ಇದನ್ನು ಎಲ್ಲರಿಗೂ ಕೊಡಿ, ಓದು ಬಾರದು ಅಂತ ಹೇಳಿಕೊಳ್ಳಲು ಎಷ್ಟೋ ಜನ ನಾಚುತ್ತಾರೆ.

ಮನೆಗೆ ಹೋದ ಮಾರನೆಯ ದಿನ ಒಂದು ಫೋನ್ ಮಾಡಿ. 'ಹೇಗಿದ್ದೀರಿ' ಅಂದರೆ 'ಚೆನ್ನಾಗಿದ್ದೇವೆ' ಎಂಬ ಉತ್ತರವೇ ಬರುತ್ತದೆ. ನಿನ್ನೆ ರಾತ್ರಿ ಎಷ್ಟು ಎಂಎಲ್ ಕೊಟ್ಟಿರಿ, ಬೆಳಿಗ್ಗೆ ಜ್ವರ ಎಷ್ಟಿತ್ತು, ಲೈನಿನ ಡ್ರೆಸಿಂಗ್ ಒದ್ದೆಯಾಗಿದೆಯಾ, ಮಗು ಎರಡು ದಿನದಲ್ಲಿ ಮಲವಿಸರ್ಜನೆ ಮಾಡಿದೆಯಾ ಅಂತ ಕೇಳಿ. ವಿಂಕ್ರಿಸ್ಟೀನ್ ಎಂಬ ಕೀಮೋ ಔಷಧಿ ಆದ ಮಕ್ಕಳಿಗೆ ಮಲ ಕಟ್ಟುವುದು ಬಹಳ ಸಾಮಾನ್ಯ, ತಾಯಂದಿರು ಅದನ್ನು ಸಣ್ಣ ವಿಷಯ ಅಂತ ನಮಗೆ ಹೇಳುವುದೇ ಇಲ್ಲ. ಮಾತು ಮುಗಿಸುವ ಮುಂಚೆ ತುರ್ತು ನಂಬರನ್ನು ಅವರ ಬಾಯಲ್ಲೇ ಒಂದು ಸಲ ಹೇಳಿಸಿ.